ಕರೆಂಟು ಹೋಗುವುದರೊಳಗೆ ಕುಳ್ಳಪ್ಪ

ನಾನು ಹಾರುವುದರಲ್ಲಿ ನಿಪುಣೆ ಎಂದರೆ ನನ್ನನ್ನು ಕಂಡವರು ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಬೀದಿಯ ಚರಂಡಿ ದಾಟಬೇಕಾದರೆ ಒಂದು ಕೈಗೆ ಕೊಡೆ, ಇನ್ನೊಂದು ಕೈಗೆ ಗಂಡ, ಆಚೆ ದಡದಲ್ಲಿ ಧೈರ್ಯ ಹೇಳಲು ಮತ್ತೊಬ್ಬರು ಬೇಕಾದ ಹೆಂಗಸು ನಾನು. ಸಿಟಿ ಬಸ್ಸಿನ ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಕಂಡಕ್ಟರಿಗೆ ವಯಸ್ಸಾಗಿಬಿಡುತ್ತದೆ. ಆದರೂ ಹೇಳುತ್ತೇನೆ, ಈ ಬಲಗೈ ಹೆಬ್ಬೆರಳಿನ ಮಟ್ಟಿಗೆ ಒಂದು ಕಾಲದಲ್ಲಿ ಇಡೀ ನಜರ್‌ಬಾದಿನಲ್ಲಿ ನನಗೆ ಸಾಟಿಯಾದ ಹಾರುಗಾತಿ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ನಾನು ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಮನೆಯಲ್ಲಿ ಮೂರೇ ಜನ: ನಾನು, ನಮ್ಮವರು, ನಮ್ಮ ಅತ್ತೆ. ಊದುಬತ್ತಿ ವ್ಯಾಪಾರದ ನಮ್ಮವರು ಬೆಂಗಳೂರಿಗೆ ಸರಕು ಹಾಕಲು ಹೋದವರು ಬರುವಾಗ ಒಂದು ಟೀವಿ ಗೇಮು ತಂದರು. ಯಾಕೆ ತಂದಿರಿ ಎಂದರೆ ಅವರಿಗೂ ಗೊತ್ತಿರಲಿಲ್ಲ. ಅಂಗಡಿಯವನು ಆಡಿ ತೋರಿಸಿದನಂತೆ, ಇವರು ಮರುಳಾದರಂತೆ. ಮನೆಗೆ ಬಂದು ಎರಡು ಸಂಜೆ ಆಡಿ, ಮೊದಲನೇ ಹೊಂಡವನ್ನೇ ದಾಟಲಾಗದೆ, "ಇದು ಮಕ್ಕಳಾಟ ಕಣೆ" ಎಂದು ಕೈ ತೊಳೆದುಕೊಂಡರು. ದಾಟಲಾಗದ್ದೆಲ್ಲ ಮಕ್ಕಳಾಟ ಎನ್ನುವುದು ಗಂಡಸರಿಗೆ ಒಂದು ಅನುಕೂಲ.

ಆಟದ ಕ್ಯಾಸೆಟ್ಟಿನ ಮೇಲೆ ಮೋಟರ್ ಬೈಕಿನ ಚಿತ್ರವಿತ್ತು. ಒಳಗೆ ಬೈಕೂ ಇಲ್ಲ, ರಸ್ತೆಯೂ ಇಲ್ಲ. ಹಳದಿ ರುಮಾಲು ಸುತ್ತಿಕೊಂಡ ಒಬ್ಬ ಕುಳ್ಳ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತ, ಹೊಂಡಗಳನ್ನು ಹಾರುತ್ತ, ಅಡ್ಡ ಬಂದವರ ತಲೆ ಮೆಟ್ಟುತ್ತ, ಎಲ್ಲೋ ಕೊನೆಯಲ್ಲಿರುವ ಗಂಟೆಯೊಂದನ್ನು ಬಾರಿಸಬೇಕು. ಅಷ್ಟೇ ಕಥೆ. ಅವನ ಹೆಸರು ನಮಗೆ ತಿಳಿಯದ್ದರಿಂದ ಅತ್ತೆ ಕುಳ್ಳಪ್ಪ ಎಂದು ನಾಮಕರಣ ಮಾಡಿದರು. ಅಡ್ಡ ಬರುವ ಪ್ರಾಣಿಗಳು ಈರನಗೆರೆ ಬದನೆಕಾಯಿಗೆ ಕಾಲು ಬಂದ ಹಾಗಿದ್ದವು, ಅವು ಬದನೆಕಾಯಿಗಳೇ ಆದವು. ಆಟದ ಒಂದೊಂದು ಘಟ್ಟವನ್ನು ನಾನು ಮನೆ ಎನ್ನುತ್ತಿದ್ದೆ. ಕುಂಟೆಬಿಲ್ಲೆ ಆಡಿ ಬೆಳೆದವಳಿಗೆ ಬೇರೆ ಯಾವ ಮಾತು ಹೊಳೆಯಬೇಕು? ಅಲ್ಲೂ ಮನೆ, ಇಲ್ಲೂ ಮನೆ. ಗೆರೆ ತುಳಿದರೆ ಅಲ್ಲಿ ಔಟು, ಇಲ್ಲಿ ಸಾವು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಯಾವುದನ್ನೂ ಮುಗಿಸಿದವಳಲ್ಲ. ಟೈಪಿಂಗು ಕಲಿಯಲು ಹೋಗಿ ಪರೀಕ್ಷೆಗೆ ಮುಂಚೆ ಬಿಟ್ಟೆ. ಹಿಂದಿ ಪರೀಕ್ಷೆಗಳಲ್ಲಿ ಅರ್ಧ ದಾರಿಗೆ ನಿಂತೆ. ತವರಿನ ಟ್ರಂಕಿನಲ್ಲಿ ಒಂದೇ ತೋಳಿನ ಸ್ವೆಟರಿದೆ. ದಿಂಬಿನ ಗೌಸಿನ ಮೇಲೆ ನಾನು ಕಸೂತಿ ಹಾಕಿದ ನವಿಲಿಗೆ ಬಾಲವೇ ಇಲ್ಲ, ಬಂದವರೆಲ್ಲ ಕೋಳಿ ಚೆನ್ನಾಗಿದೆ ಎನ್ನುತ್ತಾರೆ. ಬಿಎಸ್ಸಿ ಕೊನೆಯ ವರ್ಷದಲ್ಲಿ ಮದುವೆ ಗೊತ್ತಾಯಿತು, ಓದೂ ನಿಂತಿತು. ಅದಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ, ಈಗಲೂ ನೋವೇ. ನಮ್ಮವರು ಒಳ್ಳೆಯವರೇ, ಆದರೆ ಬಾಯಿ ಸ್ವಲ್ಪ ಉದ್ದ. ಒಮ್ಮೆ ನೆಂಟರ ಮುಂದೆ, "ನಮ್ ಮಂಜುಳನ ಕೈಲಿ ಪೂರ್ತಿ ಮುಗಿಯೋದು ಡಬ್ಬದಲ್ಲಿರೋ ಸಕ್ಕರೆ ಒಂದೇ ಕಣ್ರೀ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಕಾಫಿಗೆ ಸಕ್ಕರೆ ಹಾಕದೆ ಎಲ್ಲರಿಗೂ ಕೊಟ್ಟೆ.

ಹೀಗಾಗಿ ಈ ಆಟವನ್ನಾದರೂ ಮುಗಿಸಬೇಕು ಎಂಬ ಹಟ ಹೊಕ್ಕಿತು. ಆ ಗಂಟೆಯನ್ನು ನಾನು ಬಾರಿಸಲೇಬೇಕು. ಬೇರೆಯವರಿಗೆ ಇದು ಹುಚ್ಚು ಎನಿಸಬಹುದು. ಆದರೆ ಜೀವನದಲ್ಲಿ ಒಂದು ಸಲವಾದರೂ 'ಮುಗಿಯಿತು' ಎಂದು ಹೇಳಿ ಕೈ ಒರೆಸಿಕೊಳ್ಳುವ ಆಸೆ ಯಾರಿಗಿಲ್ಲ?

ಅಡ್ಡಿ ಬಂದದ್ದು ಕರೆಂಟು. ಆ ವರ್ಷ ಲೋಡ್ ಶೆಡ್ಡಿಂಗು, ಸಂಜೆ ಆರಕ್ಕೆ ಸರಿಯಾಗಿ ಹೋಗುತ್ತಿತ್ತು. ನಮ್ಮ ಊರಿನಲ್ಲಿ ಹೇಳಿದ ಹೊತ್ತಿಗೆ ನಡೆಯುತ್ತಿದ್ದ ಕೆಲಸ ಅದೊಂದೇ. ಬೆಳಿಗ್ಗೆ ನನಗೆ ಅಡುಗೆಮನೆ. ಮಧ್ಯಾಹ್ನ ಟೀವಿ ಅತ್ತೆಯ ಧಾರಾವಾಹಿಗಳದು. ಅವು ಮುಗಿದು, ಕಾಫಿಯಾಗಿ, ನನ್ನ ಕೈಗೆ ಟೀವಿ ಸಿಗುವ ಹೊತ್ತಿಗೆ ಆರು ಗಂಟೆ ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಕರೆಂಟು ಮರಳಿ ಬರುವಷ್ಟರಲ್ಲಿ ಮತ್ತೆ ಅಡುಗೆ, ಊಟ, ವಾರ್ತೆ. ಆಟವೋ, ನಿಂತಲ್ಲಿಂದ ಮುಂದುವರಿಸುವ ಸೌಕರ್ಯವಿಲ್ಲದ್ದು. ಕರೆಂಟು ಹೋದರೆ ಕುಳ್ಳಪ್ಪ ಮರುದಿನ ಮತ್ತೆ ಮೊದಲನೇ ಮನೆಯಿಂದಲೇ ಓಡಬೇಕು. ನಿಧಾನವಾಗಿ ಆಡಿದರೆ ಗಂಟೆ ಕಾಣುವ ಮಾತೇ ಇಲ್ಲ. ಉಳಿದದ್ದು ಒಂದೇ ದಾರಿ: ಬೇಗ ಹೋಗುವುದು. ಬೇಗ ಹೋಗಬೇಕಾದರೆ ಓಡುವುದು ಸಾಲದು, ಹಾರಲು ಕಲಿಯಬೇಕು.

ಕೆಲವು ವರ್ಷಗಳ ನಂತರ ನಾವು ವಿಜಯನಗರಕ್ಕೆ ಮನೆ ಬದಲಿಸಿದ ಮೇಲೆ, ಅಲ್ಲಿನ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕೂತಾಗ ತಿಳಿಯಿತು, ಪ್ರಪಂಚದಲ್ಲಿ ಇದಕ್ಕೆ ಸ್ಪೀಡ್‌ರನ್ ಎಂದು ಹೆಸರಿದೆಯಂತೆ. ದೊಡ್ಡ ದೊಡ್ಡವರು ಗಡಿಯಾರ ಇಟ್ಟುಕೊಂಡು, ಆಟಗಳನ್ನು ಎಷ್ಟು ಬೇಗ ಮುಗಿಸಬಹುದೆಂದು ಪೈಪೋಟಿ ನಡೆಸುತ್ತಾರಂತೆ, ಒಂದೊಂದು ಹಾರಾಟಕ್ಕೂ ಒಂದೊಂದು ಹೆಸರಿಟ್ಟಿದ್ದಾರಂತೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅವರಿಗೆ ಗಡಿಯಾರ ಬೇಕಾಯಿತು, ನನಗೆ ಕರೆಂಟಿನವರೇ ಸಾಕಾಗಿದ್ದರು.

ಹಾರುವುದೆಂದರೆ ಗುಂಡಿ ಒತ್ತುವುದು ಎಂದುಕೊಂಡವರು ಅದೇ ನಮ್ಮವರಂತೆ ಮೊದಲನೇ ಹೊಂಡದಲ್ಲಿ ಉಳಿಯುತ್ತಾರೆ. ನಮ್ಮ ಭಾಷೆಯನ್ನೇ ನೋಡಿ. ಹಾರುವುದು ಬೇರೆ, ನೆಗೆಯುವುದು ಬೇರೆ, ಜಿಗಿಯುವುದು ಬೇರೆ, ಕುಪ್ಪಳಿಸುವುದು ಬೇರೆ. ಹಕ್ಕಿ ಹಾರುತ್ತದೆ, ಕರು ನೆಗೆಯುತ್ತದೆ, ಕಪ್ಪೆ ಕುಪ್ಪಳಿಸುತ್ತದೆ, ಸಂಬಳ ಬಂದ ದಿನ ಮನುಷ್ಯ ಜಿಗಿಯುತ್ತಾನೆ. ನಮ್ಮ ಹಿರಿಯರು ಕಾಲು ನೆಲ ಬಿಡುವ ಬಗೆಯನ್ನು ಎಷ್ಟು ಗಮನಿಸಿ ನೋಡಿದ್ದಾರೆ! ನೆಲದ ಮೇಲೆ ನಡೆಯುವುದಕ್ಕೂ ಅಷ್ಟು ಮಾತುಗಳನ್ನು ಖರ್ಚು ಮಾಡಿದ್ದಾರೋ ಇಲ್ಲವೋ ನನಗೆ ಅನುಮಾನ.

ಕುಳ್ಳಪ್ಪನಿಗೂ ಹಾಗೆಯೇ. ಗುಂಡಿಯನ್ನು ಒತ್ತಿ ಹಿಡಿದರೆ ಎತ್ತರದ ಹಾರಾಟ. ಸುಮ್ಮನೆ ಮುಟ್ಟಿ ಬಿಟ್ಟರೆ ಗಿಡ್ಡ ನೆಗೆತ. ಎತ್ತರ ಹಾರಿದರೆ ನೋಡಲು ಚೆನ್ನ, ಆದರೆ ಮೇಲೆ ಹೋದವನು ಕೆಳಗೆ ಬರುವಷ್ಟರಲ್ಲಿ ಹೊತ್ತು ಹಾಳು. ಬೇಗ ಹೋಗುವವನು ಬೇಕಾದಷ್ಟೇ ಹಾರಬೇಕು, ಒಂದು ಗೇಣೂ ಹೆಚ್ಚು ಬೇಡ. ಆಮೇಲೆ ಅಂಚಿನ ಹಾರಾಟ: ಓಡಿ ಬಂದು, ಪಾದದ ಅರ್ಧ ನೆಲದ ಮೇಲೆ, ಅರ್ಧ ಗಾಳಿಯಲ್ಲಿ ಇರುವಾಗ ಒತ್ತಬೇಕು. ಭಯಸ್ಥರು ಅಂಚಿಗೆ ಬರುವ ಮೊದಲೇ ಹಾರಿ ಹೊಂಡದ ನಡುವೆ ಬೀಳುತ್ತಾರೆ. ನಾನು ಮೊದಮೊದಲು ಹಾಗೇ ಬೀಳುತ್ತಿದ್ದೆ. ಇನ್ನೊಂದು, ಬದನೆಕಾಯಿಯ ತಲೆಯ ಮೇಲೆ ಬಿದ್ದು ಅಲ್ಲಿಂದ ಪುಟಿಯುವುದು. ಇದನ್ನು ಕಂಡು ಅತ್ತೆ, "ನೋಡು, ಇನ್ನೊಬ್ರ ತಲೆ ಮ್ಯಾಲೆ ಕಾಲಿಟ್ರೇನೇ ಜಾಸ್ತಿ ಮೇಲೋಗದು. ಆಟ ಮಾಡ್ದೋನು ಪರ್ಪಂಚ ಕಂಡವ್ನೆ" ಎಂದರು.

ಹೌದು, ಅಷ್ಟು ಹೊತ್ತಿಗೆ ಅತ್ತೆಯೂ ಪಕ್ಕದಲ್ಲಿ ಕೂರುತ್ತಿದ್ದರು. ಮೊದಲು ಸೊಪ್ಪು ಬಿಡಿಸುವ ನೆಪದಲ್ಲಿ, ಆಮೇಲೆ ನೆಪವಿಲ್ಲದೆ. ಹಣೆತುಂಬ ವಿಭೂತಿ, ಮಂಡಿಗೆ ಸುತ್ತಿದ ಉಣ್ಣೆಯ ಪಟ್ಟಿ, ಕಣ್ಣು ಗೋಡೆ ಗಡಿಯಾರದ ಮೇಲೆ. "ಬೇಗ ಕಣಮ್ಮ, ಆರಾಯ್ತಾ ಬಂತು, ಎಂಗಾದ್ರೂ ದಾಟ್ಬುಡು" ಎಂದು ಹಿಂದಿನಿಂದ ಅಟ್ಟುವರು. ಕುಳ್ಳಪ್ಪ ಸತ್ತರೆ ನನಗಿಂತ ಅವರಿಗೇ ಹೆಚ್ಚು ಸಂಕಟ.

ಇಷ್ಟೆಲ್ಲ ಕಲಿತರೂ ಕೊನೆಯ ಮನೆ ದಕ್ಕುತ್ತಿರಲಿಲ್ಲ. ಅಲ್ಲೊಂದು ಬಾವಿಯಂಥ ಹೊಂಡ. ಆಚೆ ಕಡೆ ನೆಟ್ಟಗೆ ನಿಂತ ಗೋಡೆ, ಅದರ ತುದಿಯಲ್ಲಿ ಗಂಟೆ. ದಾಟಲು ಒಂದು ಹಲಗೆ ತೇಲಿಕೊಂಡು ಬರಬೇಕು. ಆ ಹಲಗೆ ಮದುವೆಮನೆಯ ಎರಡನೇ ಪಂಕ್ತಿಯ ಪಾಯಸದ ಹಾಗೆ, ಬರುತ್ತದೆ ಬರುತ್ತದೆ ಎನ್ನುತ್ತಾರೆ, ಬರುವುದಿಲ್ಲ. ಅದನ್ನು ಕಾಯುತ್ತ ನಿಂತರೆ ಕರೆಂಟು ಹೋಗುತ್ತಿತ್ತು.

ಈ ನಡುವೆ ದಸರಾ ಬಂತು. ದಸರೆಯಲ್ಲಿ ನಮ್ಮೂರಿನ ಕರೆಂಟು ಹೋಗುವುದಿಲ್ಲ, ಇಡೀ ಊರೇ ದೀಪ. ಬೇಕಾದಷ್ಟು ಹೊತ್ತು ಆಡಬಹುದಿತ್ತು. ಆದರೆ ಟೀವಿಯ ಜಾಗದಲ್ಲಿ ಪಟ್ಟದ ಗೊಂಬೆಗಳು ಕೂತು, ಟೀವಿ ಮಂಚದ ಕೆಳಗೆ ಸೇರಿತ್ತು. ಆಯುಧಪೂಜೆಯ ದಿನ ನಮ್ಮವರ ಸ್ಕೂಟರು, ತಕ್ಕಡಿ, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಂತವು. ಅತ್ತೆ ಆ ಸಾಲಿನ ಕೊನೆಯಲ್ಲಿ ಟೀವಿ ಗೇಮನ್ನೂ ಇಟ್ಟರು. "ಬೆಳಗಾದ್ರೆ ಇದ್ರಲ್ಲೇ ಒಡೆದಾಡ್ತೀಯ, ಇದಲ್ದೆ ಇನ್ಯಾವುದು ನಿನ್ ಆಯುಧ?" ಎಂದು ನೀರಿನಲ್ಲಿ ಕಲಸಿದ ಗಂಧ ಕುಂಕುಮವನ್ನು ಧಾರಾಳವಾಗಿ ಬಳಿದರು. ಎಲ್ಲಿ? ಹಾರುವ ಗುಂಡಿಯ ಮೇಲೆಯೇ. ದುಂಡಗೆ ಇತ್ತಲ್ಲ, ಬೊಟ್ಟಿಡಲು ಹೇಳಿ ಮಾಡಿಸಿದ ಜಾಗ ಎನಿಸಿರಬೇಕು.

ಹಬ್ಬ ಕಳೆದು ಟೀವಿ ಮೇಲೆ ಬಂತು. ಗಂಧ ಒಳಗಿಳಿದು ಒಣಗಿ ಗುಂಡಿ ಅಂಟಂಟಾಗಿತ್ತು. ಒಂದು ಸಲ ಒತ್ತಿದರೆ ಅದು ತಡವರಿಸಿ ಎರಡು ಸಲ ಒತ್ತಿಕೊಳ್ಳುವುದು. ನಾನು ಗೊಣಗುತ್ತಲೇ ಆಡಿದೆ. ಒಂದು ಹೊಂಡಕ್ಕೆ ಹಾರಿದ ಕುಳ್ಳಪ್ಪ ಆಚೆ ದಡ ತಲುಪದೆ ಗೋಡೆಗೆ ಡಿಕ್ಕಿ ಹೊಡೆದು ಇನ್ನೇನು ಪಾತಾಳ ಸೇರಬೇಕು, ಅಷ್ಟರಲ್ಲಿ ಅದೇ ಗೋಡೆಯನ್ನು ಒದ್ದು ಮತ್ತೊಮ್ಮೆ ಹಾರಿ ದಡದ ಮೇಲೆ ನಿಂತ! ನಾನು ಕಿರುಚಿದೆ. ಅತ್ತೆಯೂ ಕಿರುಚಿದರು. ಗಾಳಿಯಲ್ಲಿದ್ದವನು ಗೋಡೆಯಿಂದ ಇನ್ನೊಮ್ಮೆ ಹಾರಬಹುದು ಎಂಬ ಗುಟ್ಟು, ಆ ಆಟದಲ್ಲಿ ಅಡಗಿ ಕೂತದ್ದು, ಅತ್ತೆಯ ಗಂಧದಿಂದ ಹೊರಬಿತ್ತು. ಇನ್ನು ಕೊನೆಯ ಮನೆಯಲ್ಲಿ ಹಲಗೆಗೆ ಕಾಯುವ ಹಂಗಿಲ್ಲ.

ಆದರೆ ಸುಖ ಎಷ್ಟು ದಿನ? ನಮ್ಮವರು ಉಪಕಾರ ಮಾಡುವೆನೆಂದು, ಹೇಳದೆ ಕೇಳದೆ, ಗುಂಡಿ ಬಿಚ್ಚಿ ಹತ್ತಿಯಲ್ಲಿ ಒರೆಸಿ ಥಳಥಳ ಮಾಡಿಟ್ಟರು. ಗೋಡೆ ಹಾರಾಟ ಹೋಯಿತು. ಗಂಧ ಮಾಡಿದ್ದನ್ನು ಈಗ ನನ್ನ ಹೆಬ್ಬೆರಳೇ ಮಾಡಬೇಕಾಯಿತು. ಕಾಲು ಗೋಡೆಗೆ ತಗುಲಿದ ಆ ಚಣಕ್ಕೇ ಎರಡನೇ ಸಲ ಒತ್ತಬೇಕು. ಮುಂಚೆ ಒತ್ತಿದರೆ ಏನೂ ಇಲ್ಲ, ತಡವಾದರೆ ಹೊಂಡ. ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯ ಮೇಲೆ, ಬಸ್ಸಿನಲ್ಲಿ ಕೂತಾಗ ಪರ್ಸಿನ ಮೇಲೆ, ಟಕ್ ಟಕ್ ಎಂದು ಹೆಬ್ಬೆರಳಿಗೆ ಸಾಧನೆ ಮಾಡಿಸಿದೆ. ದಾರಿ ತೋರಿದವರು ಮತ್ತೆ ಅತ್ತೆಯೇ. "ಒಗ್ಗರಣೆ ಆಕೋ ಅಂಗೆ ಕಣಮ್ಮ. ಸಾಸ್ವೆ ಚಟ್ ಅಂದಾಗ್ಲೇ ಕರಿಬೇವು ಬೀಳ್ಬೇಕು. ನೋಡ್ಕಂಡು ಆಕ್ತೀಯಾ? ಇಲ್ಲ. ಕೇಳುಸ್ಕಂಡು ಆಕ್ತೀಯ." ಕುಳ್ಳಪ್ಪ ಗೋಡೆಗೆ ತಗುಲಿದಾಗ 'ಟುಕ್' ಎಂದು ಸಣ್ಣ ಸದ್ದು ಬರುತ್ತಿತ್ತು. ಅಂದಿನಿಂದ ಕಣ್ಣು ಬಿಟ್ಟು ಕಿವಿಗೆ ಕೆಲಸ ಕೊಟ್ಟೆ. ನಾಲ್ಕಕ್ಕೆ ಮೂರು ಸಲ ಹತ್ತತೊಡಗಿತು.

ಇನ್ನೇನು ಗಂಟೆ ಬಾರಿಸಬೇಕು ಎನ್ನುವ ಒಂದು ಸಂಜೆ, ಕುಳ್ಳಪ್ಪ ಗೋಡೆ ಒದ್ದು ಮೇಲೇರುತ್ತಿರುವಾಗಲೇ ಕರೆಂಟು ಹೋಯಿತು. ಟೀವಿಯ ನಡುವೆ ಒಂದು ಬಿಳಿ ಚುಕ್ಕಿ ಉಳಿದು, ಅದೂ ಆರಿತು. ನನಗೆ ಅಳುವೇ ಬಂತು. ನಮ್ಮವರು ಮೇಣದಬತ್ತಿ ಹುಡುಕುತ್ತ, "ಬಿಟ್ಬುಡೆ, ನಿನ್ ಹಣೇಲಿ ಮುಗಿಸೋದು ಬರೆದಿಲ್ಲ" ಎಂದರು. ತಮಾಷೆಗೇ ಅಂದದ್ದು. ಅತ್ತೆಗೆ ಮಾತ್ರ ಅದು ತಮಾಷೆಯಾಗಿ ಕೇಳಿಸಲಿಲ್ಲ. ಅವರು ಎದ್ದು ಹಿತ್ತಿಲ ಬಾಗಿಲು ತೆಗೆದು, ಬೆಟ್ಟದ ದೀಪಗಳತ್ತ ಕೈಮುಗಿದು, ಗಟ್ಟಿಯಾಗಿ ಹೇಳಿದರು: "ತಾಯಿ ಚಾಮುಂಡಿ, ಇವಳ ಕೈಲಿ ಇದೊಂದು ಮುಗಿಸ್ಬುಡು. ನಿನ್ ಬೆಟ್ಟದ ಮೆಟ್ಲು ಮೆಟ್ಲಿಗೂ ಅರಿಶ್ನ ಕುಂಕುಮ ಹಚ್ತಾಳೆ."

ಅಳು ಅಲ್ಲೇ ನಿಂತಿತು. "ಹಚ್ತಾಳೆ? ಯಾರು ಅತ್ತೆ?"

"ನೀನೇ ಕಣಮ್ಮ. ನನ್ ಮಂಡಿ ಎಲ್ಲಿ ಬಗ್ತದೆ?"

ಹರಕೆ ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು, ಇದು ನಮ್ಮಲ್ಲಿ ಹೊಸದೇನಲ್ಲ. ತಾಯಿ ಹೊತ್ತ ಹರಕೆಗೆ ಮಗನ ತಲೆ ಬೋಳಾಗುತ್ತದೆ. ಆದರೆ ಬೆಟ್ಟದ ಮೆಟ್ಟಿಲೆಂದರೆ ಸಾವಿರದ ಮಾತು. ಒಂದೊಂದಕ್ಕೂ ಬಗ್ಗಬೇಕು, ಹಚ್ಚಬೇಕು, ಏಳಬೇಕು. ಈಗ ನನ್ನ ಪಾಡು ನೋಡಿ: ಗೆದ್ದರೆ ಸೊಂಟ ಹೋಗುತ್ತದೆ, ಸೋತರೆ ಮಾನ. ಮರುದಿನದಿಂದ ಕೊನೆಯ ಗೋಡೆಯ ಹತ್ತಿರ ಬಂದಾಗಲೆಲ್ಲ ಹೆಬ್ಬೆರಳು ಒಂದು ಗಳಿಗೆ ಯೋಚಿಸುವುದು, ಕುಳ್ಳಪ್ಪ ಬೀಳುವುದು. ಬೇಕೆಂದೇ ಬೀಳಿಸುತ್ತಿದ್ದೇನೆಯೋ ಎಂದು ನನಗೇ ಅನುಮಾನ ಬರತೊಡಗಿತು. ಒಂದು ದಿನ ಬೈದುಕೊಂಡೆ. ಮಂಜುಳಾ, ಸೊಂಟ ಉಜ್ಜಿದರೆ ಸರಿಹೋಗುತ್ತದೆ, ಅರ್ಧಕ್ಕೆ ಬಿಟ್ಟದ್ದು ಸರಿಹೋಗುವುದಿಲ್ಲ, ಎಂದೆ.

ಆ ಸಂಜೆ ಕಣ್ಣು ಮುಚ್ಚಿದ್ದೆನೋ ತೆರೆದಿದ್ದೆನೋ ನೆನಪಿಲ್ಲ. ಅಂಚಿನವರೆಗೂ ಓಡಿದೆ, ಹಾರಿದೆ, ಟುಕ್ ಎಂದಿತು, ಒತ್ತಿದೆ. ಢಣ್!

ಗಂಟೆ ಮೊಳಗಿತು. ಪರದೆಯ ಮೇಲೆ ನಮಗೆ ಓದಲು ಬಾರದ ಯಾವುದೋ ಲಿಪಿಯ ನಾಲ್ಕು ಅಕ್ಷರ ಮಿನುಗಿದವು. ಮರುಗಳಿಗೆಯಲ್ಲಿ ಕುಳ್ಳಪ್ಪ ಮತ್ತೆ ಮೊದಲನೇ ಮನೆಯಲ್ಲಿ, ಮೊದಲನೇ ಹೊಂಡದ ಮುಂದೆ, ಏನೂ ಆಗದವನ ಹಾಗೆ ನಿಂತಿದ್ದ. "ಅಯ್ಯೋ, ಇಷ್ಟೇನಾ?" ಎಂದರು ಅತ್ತೆ. ಆಗ ಕರೆಂಟು ಹೋಯಿತು. ಗಡಿಯಾರ ನೋಡಿದರೆ ಆರು ದಾಟಿ ಸ್ವಲ್ಪ ಹೊತ್ತಾಗಿತ್ತು. ತಾಯಿ ಕರೆಂಟು ಹಿಡಿದುಕೊಂಡಿದ್ದಳು ಎಂದು ಅತ್ತೆ. ನನ್ನ ಹೆಬ್ಬೆರಳು ಎಂದು ನಾನು. ಗಡಿಯಾರ ಮುಂದಿದೆ ಎಂದು ನಮ್ಮವರು. ಈ ವಿಚಾರ ಇಂದಿಗೂ ಇತ್ಯರ್ಥವಾಗಿಲ್ಲ, ಆದರೆ ಹರಕೆ ಮಾತ್ರ ನನ್ನ ತಲೆಗೇ ಬಂತು.

ಒಂದು ಶುಕ್ರವಾರ ಬೆಳಿಗ್ಗೆ, ದೇವರಾಜ ಮಾರುಕಟ್ಟೆಯಿಂದ ತಂದ ಅರಿಶಿನ ಕುಂಕುಮವನ್ನು ತಟ್ಟೆಗೆ ಸುರಿದುಕೊಂಡು ಬೆಟ್ಟದ ಪಾದದ ಹತ್ತಿರ ನಿಂತೆ. ನಮ್ಮವರು ನೀರಿನ ಬಾಟಲಿ ಹಿಡಿದು ಹಿಂದೆ. ಅತ್ತೆ ಬಸ್ಸಿನಲ್ಲಿ ಮೇಲೆ ಹೋಗಿ ಕಾಯುವುದೆಂದು ಮಾತಾಗಿತ್ತು. ಮೊದಲು ಒಂದೊಂದು ಮೆಟ್ಟಿಲಿಗೂ ಬಗ್ಗಿ ಎದ್ದೆ, ಸ್ವಲ್ಪ ಹೊತ್ತಿಗೇ ಉಸಿರು ಕಿತ್ತುಕೊಂಡಿತು. ಆಮೇಲೆ ಗಿಡ್ಡ ನೆಗೆತದ ನೆನಪಾಯಿತು. ಬೇಕಾದಷ್ಟೇ ಏಳುವುದು, ಒಂದು ಗೇಣೂ ಹೆಚ್ಚು ಬೇಡ. ಬಗ್ಗಿದವಳು ಬಗ್ಗಿಯೇ ಹೋದೆ. ಇಲ್ಲಿ ಗೋಡೆ ಒದೆಯುವ ಹಾಗಿಲ್ಲ, ಯಾರ ತಲೆಯ ಮೇಲೂ ಪುಟಿಯುವ ಹಾಗಿಲ್ಲ. ಬಿಟ್ಟ ಮೆಟ್ಟಿಲು ತಾಯಿಗೆ ಕಾಣುತ್ತದೆ.

ನಂದಿಯ ಹತ್ತಿರ ಬರುವಷ್ಟರಲ್ಲಿ ಸೊಂಟ ನನ್ನದಾಗಿರಲಿಲ್ಲ. ಅಲ್ಲಿ ರಸ್ತೆ ಸಿಗುತ್ತದೆ. "ಸಾಕು ಕಣೆ, ಆಟೋ ಹತ್ಬುಡೋಣ. ಮಿಕ್ಕಿದ್ದು ಮುಂದಿನ ಶುಕ್ರವಾರಕ್ಕೆ ಮಾಡ್ಕೋ" ಎಂದರು ನಮ್ಮವರು. ಪಾಪ, ಕನಿಕರದಿಂದಲೇ ಅಂದರು. ಆದರೆ ಟೈಪಿಂಗಿಗೂ, ಹಿಂದಿಗೂ, ಬಾಲವಿಲ್ಲದ ನವಿಲಿಗೂ ನಾನು ಹೇಳಿಕೊಂಡದ್ದು ಇದೇ ಮಾತು. "ನೀವು ಬೇಕಾದ್ರೆ ಆಟೋದಲ್ಲಿ ಹೋಗಿ" ಎಂದು ಮುಂದಿನ ಮೆಟ್ಟಿಲಿಗೆ ಹಚ್ಚಿದೆ. ಅವರು ನೀರಿನ ಬಾಟಲಿ ಹಿಡಿದುಕೊಂಡು ಹಿಂದೆಯೇ ಬಂದರು.

ಇನ್ನು ಕೊಂಚವೇ ಉಳಿದಿದೆ ಎನ್ನುವಾಗ ತಲೆ ಎತ್ತಿ ನೋಡಿದೆ. ಮೇಲಿನ ಮೆಟ್ಟಿಲುಗಳಿಗೆ ಆಗಲೇ ಹಸಿ ಅರಿಶಿನ ಕುಂಕುಮ. ಯಾರೋ ಬೇರೆ ಹರಕೆಯವರು ಎಂದುಕೊಂಡೆ. ಆದರೆ ವಿಭೂತಿ ಇಟ್ಟಂತೆ ಮೂರು ಬೆರಳಿನ ಅಡ್ಡ ಗೆರೆ. ಹಾಗೆ ಹಚ್ಚುವ ಕೈ ನನಗೆ ಗೊತ್ತಿರುವುದು ಒಂದೇ. ನೋಡಿದರೆ, ಆ ಗೆರೆಗಳು ನಿಂತ ಕಡೆ, ನನಗಿಂತ ಒಂದೆರಡು ಮೆಟ್ಟಿಲು ಮೇಲೆ, ಅತ್ತೆ ಕೂತಿದ್ದಾರೆ. ಪಕ್ಕದಲ್ಲಿ ಅಂಗಡಿಯ ಅರಿಶಿನ ಕುಂಕುಮದ ಪೊಟ್ಟಣ. ಬಗ್ಗದ ಮಂಡಿಯನ್ನು ಮುಂದಕ್ಕೆ ಚಾಚಿಕೊಂಡು, ಕೂತಲ್ಲೇ ಜಾರಿ ಒಂದು ಮೆಟ್ಟಿಲು ಇಳಿಯುವುದು, ಹಿಂದಿನದಕ್ಕೆ ಹಚ್ಚುವುದು, ಮತ್ತೆ ಜಾರುವುದು. ಸೀರೆಯೆಲ್ಲ ಅರಿಶಿನ.

"ಮ್ಯಾಲೆ ಒಬ್ಳೇ ಕೂತ್ಕಂಡು ಎಷ್ಟೊತ್ತು ಕಾಯ್ಲಿ? ಬೇಜಾರಾಯ್ತು, ಇಳ್ಕಂಡ್ ಬಂದ್ಬುಟ್ಟೆ" ಎಂದರು.

ಆ ಮಂಡಿಯನ್ನು ನೋಡಿ ಅಯ್ಯೋ ಎನಿಸಿತು. ಜೊತೆಗೇ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ? "ಏನತ್ತೆ ಇದು! ನಾನೇ ಮುಗಿಸಬೇಕಿತ್ತು. ಇದೂ ಅರ್ಧವೇ ಆಯ್ತಲ್ಲ!" ಎಂದು ರೇಗಿದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾರೇಳಿದ್ದು ಅರ್ಧ ಅಂತ? ನಿಂದು ಕೆಳಗಿಂದ ಬಂತು, ನಂದು ಮ್ಯಾಲಿಂದ ಬಂತು. ನಡುವೆ ಒಂದೇ ಉಳಿದದೆ ನೋಡು. ನಿನಗೇ ಅಂತ ಬುಟ್ಟಿವ್ನಿ. ಹಚ್ಚು."

ಹಚ್ಚಿದೆ. ಮುಗಿಯಿತು. ಬೆಟ್ಟದ ತುದಿಯೂ ಅಲ್ಲದ, ಬುಡವೂ ಅಲ್ಲದ, ಹೆಸರಿಲ್ಲದ ಒಂದು ಮೆಟ್ಟಿಲಿನ ಮೇಲೆ, ನನ್ನ ಜೀವನದ ಮೊದಲ ಕೆಲಸ ಪೂರ್ತಿಯಾಯಿತು. ಹಾರಾಟದ ವಿದ್ಯೆಯಲ್ಲಿ ನಾನು ಕಲಿತದ್ದೆಲ್ಲ ಈ ದಡದಿಂದ ಆ ದಡಕ್ಕೆ ಹೋಗುವ ಬಗೆ. ಆ ದಡವೇ ಮನಸ್ಸು ತಡೆಯದೆ, ನೋಯುವ ಮಂಡಿಯನ್ನು ಎಳೆದುಕೊಂಡು ನಮ್ಮ ಕಡೆಗೆ ಇಳಿದು ಬರುವ ಪಟ್ಟೊಂದಿದೆ ಎಂದು ಯಾವ ಆಟವೂ ಹೇಳಿಕೊಟ್ಟಿರಲಿಲ್ಲ.

ದರ್ಶನಕ್ಕೆ ಇನ್ನೂ ಮೇಲೆ ಹತ್ತಬೇಕಿತ್ತು. ತಟ್ಟೆಯನ್ನು ನಮ್ಮವರ ಕೈಗೆ ಕೊಟ್ಟೆ. ಅತ್ತೆ ನನ್ನ ಹೆಗಲು ಹಿಡಿದರು, ನಾನು ಅವರ ಸೊಂಟ ಬಳಸಿದೆ. ಮೆಟ್ಟಿಲನ್ನೆಲ್ಲ ನಾವೇ ತುಂಬಿಕೊಂಡು, ಒಂದು ಹೆಜ್ಜೆ, ಒಂದು ನಿಟ್ಟುಸಿರು, ಮತ್ತೊಂದು ಹೆಜ್ಜೆ ಎಂದು ಹೊರಟೆವು. ಬೂಟು ಹಾಕಿಕೊಂಡು ಎರಡೆರಡು ಮೆಟ್ಟಿಲು ಓಡಿ ಬರುತ್ತಿದ್ದ ಕಾಲೇಜು ಹುಡುಗರು ಹಿಂದಿನಿಂದ, "ಆಂಟಿ, ಸ್ವಲ್ಪ ಸೈಡು" ಎಂದರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಹಾರ್ಕಂಡ್ ಹೋಗ್ರಪ್ಪ," ಎಂದರು, "ನಮಗೇನೂ ಅರ್ಜೆಂಟಿಲ್ಲ."